ನೀಲಿ ನೀರಿಲ್ಲದೆ ಬೆಳೆದದ್ದು

ನೀಲಿ ನೀರು ಇಲ್ಲದೆ ಅದು ಬೆಳೆಯುವಂತಿರಲಿಲ್ಲ. ಆದರೂ ಬೆಳೆದಿತ್ತು.

ಬೆಳಗಿನ ಪಾಳಿಗೆ ಬಂದ ದ್ರಾಕ್ಷಾಯಣಿ ಬೀಜದ ಕೋಣೆಯ ಎರಡನೇ ತೊಟ್ಟಿಯ ಮುಂದೆ ನಿಂತು ಮೊದಲು ಪರದೆ ನೋಡಿದಳು, ಆಮೇಲೆ ಕೊಳವೆ ನೋಡಿದಳು, ಮತ್ತೆ ಪರದೆ ನೋಡಿದಳು. ಹಿಂದಿನ ದಿನ ಪಂಪು ರಿಪೇರಿಗೆ ಬಂದಿದ್ದ ಫಿಟ್ಟರ್ ನೀಲಿ ನೀರಿನ ವಾಲ್ವನ್ನು ಮುಚ್ಚಿ, ತೆರೆಯುವುದನ್ನು ಮರೆತುಹೋಗಿದ್ದ. ಆಮೇಲೆಯೇ ತೊಟ್ಟಿಗೆ ಹೊಸ ಕಾಕಂಬಿ ತುಂಬಿ ಬ್ಯಾಕ್ಟೀರಿಯದ ಬೀಜ ಬಿಟ್ಟಿದ್ದರು. ಅಂದರೆ ಹದಿನೆಂಟು ಗಂಟೆಯಿಂದ ಒಂದು ಹನಿ ನೀಲಿ ನೀರೂ ಒಳಗೆ ಇಳಿದಿರಲಿಲ್ಲ. ಬೆಳವಣಿಗೆಯ ಗೆರೆ ನೆಲ ಕಚ್ಚಿರಬೇಕಿತ್ತು. ಅದು ದಿನದ ಹಾಗೆಯೇ, ದಿಬ್ಬ ಹತ್ತುವ ಎತ್ತಿನ ಹಾಗೆ, ನಿಧಾನವಾಗಿ ಏರುತ್ತಲೇ ಇತ್ತು.

ಅವಳು ವಾಲ್ವನ್ನು ಮುಟ್ಟಲಿಲ್ಲ. ಸ್ಟೂಲಿನ ಮೇಲೆ ಕೂತಳು.

ಘಟಪ್ರಭೆಯ ದಂಡೆಯ ಬಿಸನಟ್ಟಿಯಲ್ಲಿ ಈ ಲೈಸಿನ್ ಕಾರ್ಖಾನೆ ಬಂದು ಆರು ವರ್ಷವಾಗಿತ್ತು. ಗೋವಿನಜೋಳದಲ್ಲಿ ಹೊಟ್ಟೆ ತುಂಬಿಸುವುದೆಲ್ಲ ಇದೆ, ಮೈ ಕಟ್ಟುವ ಲೈಸಿನ್ ಕಡಿಮೆ. ಕೋಳಿ ಸಾಕುವವರು ಮೇವಿನಲ್ಲಿ ಅದನ್ನು ಬೆರೆಸಲೇಬೇಕು. ಅದನ್ನು ಮಾಡಿಕೊಡುವುದು ಕಣ್ಣಿಗೆ ಕಾಣದ ಒಂದು ಬ್ಯಾಕ್ಟೀರಿಯ. ಮಣ್ಣಿನಲ್ಲಿರುವ ಅದರ ಮೂಲದ ಜಾತಿ ತನಗೆ ಬೇಕಾದಷ್ಟು ಲೈಸಿನ್ ಮಾಡಿಕೊಂಡು, ಸಾಕು ಎಂದು ನಿಲ್ಲಿಸುತ್ತದೆ. ವಿಜ್ಞಾನಿಗಳು ಮೊದಲು ತೆಗೆದದ್ದು ಈ 'ಸಾಕು' ಎನ್ನುವುದನ್ನೇ. ಆಮೇಲೆ, ರೈತ ಕಾಲುವೆಯ ನೀರನ್ನು ಒಂದೇ ಮಡಿಗೆ ತಿರುಗಿಸಬೇಕಾದಾಗ ಉಳಿದ ಮಡಿಗಳ ಬಾಯಿಗೆ ಮಣ್ಣು ಹಾಕುತ್ತಾನಲ್ಲ, ಹಾಗೆ ಅದರ ಒಡಲಿನಲ್ಲಿ ಸಕ್ಕರೆ ಬೇರೆ ಬೇರೆ ಕಡೆ ಹರಿಯುವ ದಾರಿಗಳನ್ನು ಒಂದೊಂದಾಗಿ ಮುಚ್ಚಿದರು. ತಿಂದ ಸಕ್ಕರೆಯ ಬಹುಪಾಲು ಲೈಸಿನ್ ಆಗಿ ಹೊರಗೆ ಬರತೊಡಗಿತು.

ಇಂಥದ್ದು ಹೊರಗೆ ಹೋಗಬಾರದು. ಅದಕ್ಕೊಂದು ಹಗ್ಗ ಬೇಕು. ಆ ಹಗ್ಗವೇ ನೀಲಿ ನೀರು. ಪ್ರಕೃತಿಯಲ್ಲಿ ಎಲ್ಲಿಯೂ ಇಲ್ಲದ, ಪ್ರಯೋಗಶಾಲೆಯಲ್ಲೇ ತಯಾರಾಗುವ ಒಂದು ವಸ್ತುವಿಲ್ಲದೆ ಈ ಬ್ಯಾಕ್ಟೀರಿಯ ತನ್ನ ಮೈ ಕಟ್ಟಿಕೊಳ್ಳಲಾಗದಂತೆ ಮಾಡಿದ್ದರು. ಗುರುತಿಗೆಂದು ಅದಕ್ಕೆ ಬಣ್ಣ ಬೆರೆಸಿದ್ದರು. ಬಣ್ಣದ ನೀರು ತಪ್ಪಿತೋ, ಕೆಲವೇ ಗಂಟೆಗಳಲ್ಲಿ ಸಾವು. ಈ ಭರವಸೆಯ ಮೇಲೆಯೇ ಕಾರ್ಖಾನೆಯಿಂದ ಹೊರಬೀಳುವ ರಾಡಿ ನೀರನ್ನು ಉಗಿಯಲ್ಲಿ ಬೇಯಿಸುವ ಕೆಲಸವನ್ನು ಮೂರು ವರ್ಷದ ಹಿಂದೆ ಅರ್ಧಕ್ಕೆ ಇಳಿಸಿದ್ದರು. ಹೇಗೂ ಸಾಯುವುದನ್ನು ಎರಡು ಸಲ ಯಾಕೆ ಕೊಲ್ಲಬೇಕು? ಆ ನೀರು ಕಾಲುವೆ ಸೇರಿ, ಗೊಬ್ಬರವೆಂದು ಕಬ್ಬಿನ ಹೊಲಗಳಿಗೆ ಹರಿಯುತ್ತಿತ್ತು.

ದ್ರಾಕ್ಷಾಯಣಿ ತೊಟ್ಟಿಯ ನೀರನ್ನು ಒಂದು ಹನಿ ತೆಗೆದು, ನೀಲಿ ನೀರು ಬೆರೆಸದ ಗಾಜಿನ ತಟ್ಟೆಗೆ ಸವರಿ ಇಟ್ಟಳು. ಮರುದಿನ ತಟ್ಟೆಯ ತುಂಬ ಸಾಸಿವೆಯಂಥ ಚುಕ್ಕೆಗಳು. ಮತ್ತೆರಡು ಸಲ ಸವರಿ ಇಟ್ಟರೂ ಅದೇ.

ಹೇಗಾಯಿತು ಎಂದು ಬೇರೆ ಯಾರನ್ನೂ ಕೇಳಬೇಕಾಗಿರಲಿಲ್ಲ. ನಿಯಮದ ಪ್ರಕಾರ ಪ್ರತಿ ಸಲವೂ ಶೀತಲ ಪೆಟ್ಟಿಗೆಯಲ್ಲಿಟ್ಟ ಮೂಲ ಶೀಷೆಯಿಂದ ಬೀಜ ಎಬ್ಬಿಸಬೇಕು. ಅದು ಏಳಲು ನಾಲ್ಕು ದಿನ ಬೇಕು. ಹಂಗಾಮಿನಲ್ಲಿ ನಾಲ್ಕು ದಿನ ಕಾಯುವವರಿಲ್ಲ. ಹಾಗಾಗಿ ಮುಗಿದ ತೊಟ್ಟಿಯಿಂದಲೇ ತುಸು ತೆಗೆದು ಮುಂದಿನದಕ್ಕೆ ಬಿಡುವ ರೂಢಿ ಬಿತ್ತು. ದ್ರಾಕ್ಷಾಯಣಿ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ಮನೆಯಲ್ಲಿ ಅತ್ತೆ ನೀಲವ್ವ ಮೂರು ಗಡಿಗೆಗಳಲ್ಲಿ ಹಾಲಿಗೆ ಹೆಪ್ಪು ಹಾಕಿ, ಯಾವುದು ಮೊದಲು ಗಟ್ಟಿಯಾಯಿತೋ ಅದರ ಮೊಸರನ್ನೇ ನಾಳೆಯ ಹೆಪ್ಪಿಗೆ ಎತ್ತಿಡುವವಳು. ಅದನ್ನು ನೋಡಿ ನೋಡಿ ಕೈಗೆ ಬಂದ ಅಭ್ಯಾಸ. ಇವಳೂ ಮೂರು ಗಾಜಿನ ಬುರುಡೆಗಳಲ್ಲಿ ಬೀಜ ಬಿಟ್ಟು, ಬೇಗ ಮಂದವಾದದ್ದನ್ನು ಇಟ್ಟುಕೊಂಡು ಉಳಿದೆರಡನ್ನು ಚೆಲ್ಲುತ್ತಿದ್ದಳು. ಎರಡು ವರ್ಷ. ತುಟ್ಟಿಯ ನೀಲಿ ನೀರನ್ನು ಹನಿ ಲೆಕ್ಕದಲ್ಲಿ ಹಾಕುತ್ತಿದ್ದ ಬುರುಡೆಗಳಲ್ಲಿ ಯಾವುದು ಬೇಗ ಬೆಳೆದೀತು? ನೀಲಿ ನೀರಿನ ಹಂಗು ಯಾವುದಕ್ಕೆ ಕಡಿಮೆಯೋ ಅದು. ಪ್ರತಿ ವಾರ ಅವಳು ಆರಿಸಿ ಆರಿಸಿ ಮುಂದಕ್ಕೆ ಕಳಿಸಿದ್ದು ಅದನ್ನೇ. ಹಗ್ಗವನ್ನು ಎಳೆ ಎಳೆಯಾಗಿ ಬಿಚ್ಚಿದ್ದು ಅವಳ ಕೈ. "ನಿಮ್ಮ ಕೈಗುಣ ಭಾಳ ಛಲೋ ಐತಿ ಬಿಡ್ರಿ" ಎಂದು ಮೇಲಿನವರು ಹೊಗಳುತ್ತಿದ್ದ ಕೈ.

ಆ ಮೇಲಿನವರು ಶಶಿಕಾಂತ ತೇರದಾಳ, ಕಾರ್ಖಾನೆಯ ಮುಖ್ಯಸ್ಥರು. ದ್ರಾಕ್ಷಾಯಣಿ ತಟ್ಟೆಯನ್ನು ಅವರ ಮೇಜಿನ ಮೇಲಿಟ್ಟಳು. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡು ನೋಡಿದರು, ಮತ್ತೆ ತೆಗೆದರು.

"ತಟ್ಟಿ ಅದಲುಬದಲಾಗಿಲ್ಲಲ್ಲ?"

"ಇಲ್ರಿ ಸರ್. ಮೂರು ಸಲ ಹಚ್ಚೀನಿ."

"ಎಷ್ಟ ಮಂದಿಗೆ ಹೇಳೀರಿ?"

"ನಿಮಗೊಬ್ಬರಿಗೇ."

"ಹಂಗಾದ್ರ ಇಲ್ಲಿಗೇ ಇರಲಿ." ಅವರು ಎದ್ದು ಬಾಗಿಲು ಮುಚ್ಚಿದರು. "ಹಂಗಾಮ ಮುಗೀಲಿಕ್ಕೆ ಇನ್ನ ಇಪ್ಪತ್ತು ದಿನ. ಉಗಿ ಇವತ್ತ ಪೂರ್ತಿ ಬಿಡಸ್ತೇನಿ. ಇನ್ನ ಮ್ಯಾಲೆ ಒಂದು ಜೀವಾನೂ ಹೊರಗ ಹೋಗಂಗಿಲ್ಲ. ಹಂಗಾಮ ಮುಗದ ಮ್ಯಾಲೆ ಎಲ್ಲಾ ತೊಟ್ಟಿ ತೊಳದು, ಹೊಸಾ ಶೀಷೆಯಿಂದ ಚಾಲೂ ಮಾಡೋಣು. ಯಾರಿಗೂ ಗೊತ್ತಾಗೂದಿಲ್ಲ."

"ಈಗಾಗಲೇ ಹೋಗಿದ್ರ, ಸರ್?"

"ಹೋಗಿದ್ರ ಏನು ಮಾಡ್ತದ ಅದು? ಸಕ್ಕರಿ ತಿಂತದ, ಲೈಸಿನ್ ಬಿಡ್ತದ. ವಿಷ ಏನಲ್ಲಲ್ಲ?" ಆಮೇಲೆ ದನಿ ತಗ್ಗಿಸಿ, ಹೆದರಿಸುವ ಹಾಗಲ್ಲದೆ ನಿಜವಾಗಿಯೂ ಕನಿಕರದಿಂದ ಹೇಳಿದರು: "ವಿಚಾರಣೆ ಅಂತ ಬಂದ್ರ ಮೊದಲನೇ ಪ್ರಶ್ನೆ, ಬೀಜ ಯಾರ ಆರಿಸ್ತಿದ್ರು ಅನ್ನೋದು. ನಿಮ್ಮನ್ಯಾಗ ಇಬ್ಬರೂ ಇಲ್ಲೇ ದುಡೀತೀರಿ. ಸ್ವಲ್ಪ ತಡೀರಿ, ತಂಗಿ."

ಆ ಕನಿಕರವೇ ಅವಳ ಬಾಯಿ ಕಟ್ಟಿತು. ಗದರಿಸಿದ್ದರೆ ತಿರುಗಿ ಮಾತಾಡುತ್ತಿದ್ದಳೋ ಏನೋ. ಗಂಡ ಮಹಾದೇವ ಅದೇ ಕಾರ್ಖಾನೆಯ ಕಾಕಂಬಿ ಟ್ಯಾಂಕರ್ ಓಡಿಸುತ್ತಿದ್ದ. ಬಿಸನಟ್ಟಿಯ ನೂರ ನಲವತ್ತು ಮನೆಯವರು ಅದೇ ಗೇಟಿನೊಳಗೆ ಹೋಗಿಬರುತ್ತಿದ್ದರು. ತಡೆಯೋಣ ಎಂದುಕೊಂಡಳು.

ಅದೇ ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಪರಗೌಡರ ಕಬ್ಬಿನ ಗಾಣದ ಹತ್ತಿರ ಜನ ಸೇರಿದ್ದು ಕಂಡಿತು.

ಆ ಗಾಣದಲ್ಲಿ ಬೆಲ್ಲದ ಹದ ನೋಡುವವನು ಅವಳ ಮಾವ ಗುರುಪಾದಪ್ಪ. ನಲವತ್ತು ವರ್ಷದಿಂದ ಅದೇ ಕೆಲಸ. ಕುದಿಯುವ ಕೊಪ್ಪರಿಗೆಯ ಮುಂದೆ ನಿಂತು, ನೊರೆಯ ಬಣ್ಣ ನೋಡಿ, ಗುಳ್ಳೆ ಒಡೆಯುವ ಸದ್ದು ಕೇಳಿ, ಪಾಕದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹೊರಳಿಸಿ, "ಇಳಿಸ್ರಿ" ಎಂದನೆಂದರೆ ಮುಗಿಯಿತು. ಒಂದು ಉಸಿರಿನಷ್ಟು ತಡವಾದರೂ ಬೆಲ್ಲ ಕೆಡುತ್ತದೆ. ಗುರುಪಾದಪ್ಪ ಹದ ಮಾಡಿದ ಬೆಲ್ಲದ ಪೆಂಟಿಯನ್ನು ಪೇಟೆಯಲ್ಲಿ ಬಣ್ಣದಿಂದಲೇ ಗುರುತಿಸುತ್ತಿದ್ದರು. ಹೊಸ ಜೇನಿನ ಬಣ್ಣ.

ಆ ದಿನ ಅಚ್ಚಿನಿಂದ ಕಳಚಿಟ್ಟ ಪೆಂಟಿಗಳು ಕಪ್ಪಗಿದ್ದವು. ಹದ ಮೀರಿದಾಗ ಬರುವ ಕಂದುಗಪ್ಪಲ್ಲ, ಎಣ್ಣೆ ಸವರಿದ ಕಲ್ಲಿನ ಕಪ್ಪು.

"ಏನ್ ಗುರುಪಾದಪ್ಪ, ಬೆಲ್ಲ ಮಾಡೀಯೋ, ರಸ್ತಾಕ್ಕ ಹಾಕೋ ಡಾಂಬರ ಮಾಡೀಯೋ?" ಎಂದರು ಪರಗೌಡರು. ಸುತ್ತಲಿನವರು ನಕ್ಕರು. ಗುರುಪಾದಪ್ಪನೂ ನಕ್ಕ. "ನಿಮ್ಮ ಕೊಪ್ಪರಿಗಿ ತಳಾ ಹತ್ತೈತಿ ಗೌಡರ, ತಿಕ್ಕಸ್ರಿ" ಎಂದ.

ದ್ರಾಕ್ಷಾಯಣಿ ನಗಲಿಲ್ಲ. ಪೆಂಟಿಯಿಂದ ಬರುತ್ತಿದ್ದ ವಾಸನೆ ಅವಳಿಗೆ ಗುರುತಿತ್ತು. ಹೊತ್ತಿದ ರೊಟ್ಟಿಯ, ಹುರಿದ ಕಾಳಿನ ವಾಸನೆ. ಕಾರ್ಖಾನೆಯ ಒಣಗಿಸುವ ಯಂತ್ರದಲ್ಲಿ ಲೈಸಿನ್ ಜೊತೆ ಸಕ್ಕರೆ ಉಳಿದು ಕಾವು ಏರಿದಾಗ ಇದೇ ವಾಸನೆ ಏಳುತ್ತಿತ್ತು. ಹಂಚಿನ ಮೇಲೆ ರೊಟ್ಟಿಯ ಮೈ ಕೆಂಪಾಗುವುದೂ ಇದೇ ಕಾರಣಕ್ಕೆ: ಸಕ್ಕರೆಯೂ ಅಮೈನೊ ಆಮ್ಲವೂ ಕೂಡಿ ಕಾಯ್ದರೆ ಬಣ್ಣ ಕಟ್ಟುತ್ತದೆ. ಎಲ್ಲ ಅಮೈನೊ ಆಮ್ಲಗಳಲ್ಲಿ ಈ ಆಟಕ್ಕೆ ಮೊದಲು ಇಳಿಯುವುದು ಲೈಸಿನ್. ಕಬ್ಬಿನ ರಸದಲ್ಲಿ ಅದು ಇರುವುದು ಹೆಸರಿಗೆ ಮಾತ್ರ. ಇಷ್ಟು ಕಪ್ಪಾಗಬೇಕಾದರೆ ಯಾರೋ ಅದನ್ನು ರಸದೊಳಗೆ ತಯಾರು ಮಾಡಿರಬೇಕು. ಗಾಣದವರು ರಸವನ್ನು ಸಂಜೆ ಹಿಂಡಿ, ತೊಟ್ಟಿಯಲ್ಲಿ ಬಿಟ್ಟು, ನಸುಕಿಗೆ ಒಲೆ ಹಚ್ಚುತ್ತಿದ್ದರು. ನಡುವಿನ ಆ ಹತ್ತು ಗಂಟೆಗಳ ಬಿಡುವು ಆ ಬ್ಯಾಕ್ಟೀರಿಯಕ್ಕೆ ಬೇಕಾದಷ್ಟಾಯಿತು.

ಪರಗೌಡರು ಕೊಪ್ಪರಿಗೆ ತಿಕ್ಕಿಸಿದರು. ಮೂರನೇ ದಿನದ ಬೆಲ್ಲವೂ ಕಪ್ಪಾಯಿತು. ಸುಣ್ಣ ಬದಲಿಸಿದರು, ರಸ ತಿಳಿಗೊಳಿಸಲು ಹಾಕುವ ಬೆಂಡೆಯ ಲೋಳೆ ಹೊಸದಾಗಿ ತಂದರು. ಆರನೇ ದಿನ ಮತ್ತೆ ಕಪ್ಪು. ಈ ಸಲ ಯಾರೂ ನಗಲಿಲ್ಲ. ಅದೇ ಕೆಟ್ಟದಾಯಿತು.

"ವಯಸ್ಸಾತು ಮಾರಾಯಾ. ಕಣ್ಣ ತೋರಸ್ಕೊ" ಎಂದರು ಪರಗೌಡರು, ಮೆಲ್ಲಗೆ.

ಗುರುಪಾದಪ್ಪ ಮಹಾದೇವನ ಬೈಕಿನಲ್ಲಿ ಕೂತು ಊರಾಚೆಯ ಕಣ್ಣಿನ ದವಾಖಾನೆಗೆ ಹೋಗಿಬಂದ. ಕಣ್ಣಲ್ಲಿ ಏನೂ ದೋಷವಿರಲಿಲ್ಲ. ಅದು ಅವನನ್ನು ಇನ್ನಷ್ಟು ಕಂಗೆಡಿಸಿತು. ಊಟಕ್ಕೆ ಕೂತಾಗ ತನ್ನ ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ನೋಡಿಕೊಳ್ಳುತ್ತಿದ್ದ.

"ಏನ ನೋಡ್ತೀ ಅದರಾಗ, ಗಂಟು ಸಿಕ್ಕೈತೇನು?" ಎಂದಳು ನೀಲವ್ವ. "ನಲವತ್ತು ವರ್ಷ ಆ ಕೊಪ್ಪರಿಗಿ ಮುಖಾ ನೋಡಿದಷ್ಟು ನನ್ನ ಮುಖಾ ನೋಡಿದ್ರ ನಾನರ ಹದಕ್ಕ ಬರ್ತಿದ್ನಿ."

ಬೇರೆ ದಿನವಾದರೆ ಅವನು ಏನಾದರೂ ತಿರುಗೇಟು ಕೊಡುತ್ತಿದ್ದ. ಈಗ, "ಬೆರಳು ಜಡ್ಡುಗಟ್ಯಾವು ಅನಸ್ತೈತಿ. ಪಾಕ ಏನ್ ಹೇಳತೈತಿ ನನಗ ತಿಳೀವಲ್ಲದು" ಎಂದ. ನೀಲವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಗಂಡನನ್ನು ನೋಡಿದಳು. ಮತ್ತೆ ಅವಳು ಚೇಷ್ಟೆ ಮಾಡಲಿಲ್ಲ.

ಗಾಣದಿಂದ ಒಂದು ಲೋಟ ರಸ ತಂದು ತಟ್ಟೆಗೆ ಸವರಿದರೆ ಒಂದೇ ದಿನದಲ್ಲಿ ಗೊತ್ತಾಗುತ್ತಿತ್ತು. ದ್ರಾಕ್ಷಾಯಣಿ ತರಲಿಲ್ಲ. ಗೊತ್ತಾದರೆ ಹೇಳಬೇಕಾಗುತ್ತದೆ. ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ಸಲ ಉಗಿಯ ಮೀಟರು ನೋಡಿಬರುತ್ತಿದ್ದಳು. ತೇರದಾಳ ಸಾಹೇಬರು ಹೇಳಿದಂತೆ ಅದು ಪೂರ್ತಿ ಏರಿತ್ತು. ಅಲ್ಲಿಂದ ಕಿಟಕಿಗೆ ಬಂದು ಹೊರಗೆ ನೋಡಿದರೆ, ಕಾಲುವೆ ಬಿಸಿಲಿಗೆ ಹೊಳೆಯುತ್ತ ಕಬ್ಬಿನೊಳಗೆ ಹೊಕ್ಕು ಮರೆಯಾಗುತ್ತಿತ್ತು. ಕೈ ತೊಳೆದುಕೊಳ್ಳುವಳು. ಮತ್ತೊಮ್ಮೆ ತೊಳೆದುಕೊಳ್ಳುವಳು.

ಒಂಬತ್ತನೇ ದಿನ ಪರಗೌಡರು ಗೋಕಾಕದ ಕಡೆಯಿಂದ ಬೇರೊಬ್ಬ ಹದಗಾರನನ್ನು ಕರೆಸಿದರು. ಗುರುಪಾದಪ್ಪ ತಾನಾಗಿಯೇ ಪಾಕ ಕೆದಕುವ ಹುಟ್ಟನ್ನು ಆ ಮನುಷ್ಯನ ಕೈಗೆ ಕೊಟ್ಟು ಮನೆಗೆ ಬಂದ. ಹೊಸಬನ ಬೆಲ್ಲವೂ ಕಪ್ಪಾದದ್ದು ಮರುದಿನ ತಿಳಿಯಿತು. ಅವನು ಕಬ್ಬಿನ ಮೇಲೆ ತಪ್ಪು ಹೊರಿಸಿ ಬಸ್ಸು ಹತ್ತಿದ. ಆದರೆ ಅಷ್ಟರೊಳಗೆ ಗುರುಪಾದಪ್ಪನ ಮನಸ್ಸಿನಲ್ಲಿ ತನ್ನ ಕೈಯೇ ಕೆಟ್ಟಿದೆ ಎನ್ನುವುದು ಊರಿಬಿಟ್ಟಿತ್ತು. ಯಾರು ಏನು ಹೇಳಿದರೂ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ.

ಹತ್ತನೇ ದಿನ ಮಧ್ಯಾಹ್ನ ದ್ರಾಕ್ಷಾಯಣಿ ಪಾಳಿ ಮುಗಿಸಿ ಬಂದಾಗ ಹಿತ್ತಲಲ್ಲಿ ಹೊಗೆ ಏಳುತ್ತಿತ್ತು. ಗುರುಪಾದಪ್ಪ ಮೂರು ಕಲ್ಲು ಹೂಡಿ, ಮನೆಯ ಹಿತ್ತಾಳೆ ಪಾತ್ರೆ ಇಟ್ಟು, ಗಾಣದಿಂದ ಹಾಲಿನ ಕ್ಯಾನಿನಲ್ಲಿ ತಂದ ರಸವನ್ನು ಕಾಯಿಸುತ್ತಿದ್ದ. ಒಬ್ಬನೇ. ನೊರೆ ತೆಗೆದ, ಕೆದಕಿದ, ಕಿವಿಗೊಟ್ಟ. ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಹೊರಳಿಸಿದ. ಸರಿಯಾದ ಗಳಿಗೆಗೆ ಇಳಿಸಿದ್ದು ಅವಳಿಗೂ ಕಂಡಿತು. ಅವಳು ಈ ಮನೆಗೆ ಬಂದು ಹದಿನಾರು ವರ್ಷವಾಗಿತ್ತು. ಅಷ್ಟು ಗೊತ್ತಾಗುತ್ತಿತ್ತು.

ತಾಟಿಗೆ ಸುರಿದ ಪಾಕ ಆರುತ್ತಾ ಆರುತ್ತಾ ಕಪ್ಪಾಯಿತು.

ಗುರುಪಾದಪ್ಪ ಬಹಳ ಹೊತ್ತು ತಾಟನ್ನೇ ನೋಡಿದ. ಆಮೇಲೆ ಬಲಗೈಯನ್ನು ಮಡಿಚಿ, ಯಾರದೋ ವಸ್ತುವನ್ನು ಹಿಂದಕ್ಕೆ ಕೊಡಬೇಕೆನ್ನುವವನಂತೆ ತೊಡೆಯ ಮೇಲಿಟ್ಟುಕೊಂಡು ಕೂತ. ಸೊಸೆ ಬಾಗಿಲಲ್ಲಿ ನಿಂತದ್ದು ಅವನಿಗೆ ಗೊತ್ತಿರಲಿಲ್ಲ.

ಕ್ಯಾನಿನ ತಳದಲ್ಲಿ ಒಂದು ಬೊಗಸೆಯಷ್ಟು ರಸ ಉಳಿದಿತ್ತು. ಅವಳು ಅದನ್ನು ಔಷಧದ ಬಾಟಲಿಗೆ ಬಗ್ಗಿಸಿಕೊಂಡು ಕಾರ್ಖಾನೆಗೆ ತಿರುಗಿ ಹೋದಳು.

ಮರುದಿನ ತಟ್ಟೆಯ ತುಂಬ ಅದೇ ಚುಕ್ಕೆಗಳು. ಅವಳ ಕೈಯಿಂದ ಹೋದವು ಊರು ಸುತ್ತಿ ಅವಳ ಹಿತ್ತಲಿಗೆ ಬಂದಿದ್ದವು.

ಅವಳು ರಜೆ ಬರೆದುಕೊಟ್ಟು ಊರ ಮೇಲಿನ ಗುಡ್ಡದ ಅಂಚಿಗೆ ಹೋದಳು. ಅಲ್ಲಿ ಕಾಲುವೆ ಹತ್ತುವುದಿಲ್ಲ. ಒಂದೇ ಒಂದು ಹಳೆಯ ಬಾವಿಯ ಕಬ್ಬು. ಹನ್ನೆರಡು ಗಳ ಕಡಿಸಿ, ಬಸ್ ನಿಲ್ದಾಣದ ಕಬ್ಬಿನ ಹಾಲಿನ ಗಾಡಿಯವನ ಹತ್ತಿರ ಒಯ್ದು, ಅವನ ಯಂತ್ರದ ಅರೆಯುವ ಗಾಲಿಗಳಿಗೆ ಕುದಿನೀರು ಹುಯ್ಯಿಸಿ ಹಿಂಡಿಸಿದಳು. "ಅಕ್ಕಾರ, ನನ್ನ ಮಷೀನಿಗೆ ಜಳಕ ಮಾಡಸಾಕತ್ತೀರಲ್ಲ, ಹೊಸಾ ಅಂಗೀನೂ ತೊಡಸ್ತೀರೇನು?" ಎಂದ ಅವನು. ಅವಳು ಕ್ಯಾನು ಹೊತ್ತು ನಡೆದಳು. ಓಡುವ ಹಾಗೆ ನಡೆದಳು. ರಸ ಹೆಚ್ಚು ಹೊತ್ತು ನಿಲ್ಲಬಾರದು.

"ಮಾವಾರ, ಇದನ್ನೊಂದು ಕಾಸ್ರಿ."

"ಬ್ಯಾಡವ್ವ. ಮುಗೀತದು."

"ನನ್ನ ಸಲುವಾಗಿ ಕಾಸ್ರಿ."

ಸೊಸೆ ಹೀಗೆ ಎಂದೂ ಕೇಳಿದವಳಲ್ಲ. ಅವನು ಎದ್ದ. ಒಲೆ ಹೂಡಿ ಪಾತ್ರೆ ಇಟ್ಟ. ನೊರೆ ಏಳತೊಡಗಿದ ಮೇಲೆ ಕಿವಿಗೊಟ್ಟ. ನೀಲವ್ವ ಹೊಸ್ತಿಲ ಮೇಲೆ ಬಂದು ಕೂತಳು. ಪಾಕ ತಾಟಿಗೆ ಇಳಿಯಿತು. ಅಂಚಿನಿಂದ ಗಟ್ಟಿಯಾಗುತ್ತ ಬಂತು. ಹೊಸ ಜೇನಿನ ಬಣ್ಣ ನಡುವಿನ ತನಕ ಹಾಗೆಯೇ ನಿಂತಿತು.

"ಯವ್ವಾ!" ಎಂದಳು ನೀಲವ್ವ.

ಗುರುಪಾದಪ್ಪ ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟುಕೊಂಡ. ಅವನ ಮುಖ ಸಡಿಲವಾದದ್ದನ್ನು, ಕಣ್ಣು ಒದ್ದೆಯಾದದ್ದನ್ನು ನೋಡಿದಾಗ ದ್ರಾಕ್ಷಾಯಣಿಗೆ ಇಷ್ಟಕ್ಕೇ ಬಿಟ್ಟುಬಿಡೋಣವೆನಿಸಿತು. ಕಬ್ಬಿನ ದೋಷ ಎಂದರೆ ಸಾಕಾಗಿತ್ತು. ಮಾವ ನಂಬುತ್ತಿದ್ದ. ಹಂಗಾಮು ಮುಗಿಯಲು ಹತ್ತೇ ದಿನ ಉಳಿದಿತ್ತು.

"ಇದು ಕಾಲುವಿ ನೀರು ಮುಟ್ಟದ ಕಬ್ಬು, ಮಾವಾರ" ಎಂದಳು. ಉಳಿದದ್ದನ್ನು ಒಂದೊಂದಾಗಿ ಹೇಳಿದಳು. ತೊಟ್ಟಿ, ನೀಲಿ ನೀರು, ಮೂರು ಬುರುಡೆ, ಬೇಗ ಬೆಳೆದದ್ದನ್ನು ಎತ್ತಿಟ್ಟದ್ದು. ರಸದೊಳಗೆ ಅದು ಏನು ಮಾಡುತ್ತದೆ, ಕಾವಿಗೆ ಯಾಕೆ ಕಪ್ಪಾಗುತ್ತದೆ ಎನ್ನುವುದನ್ನು ಹಂಚಿನ ಮೇಲಿನ ರೊಟ್ಟಿಯ ಲೆಕ್ಕದಲ್ಲಿ ಹೇಳಿದಳು. ಗುರುಪಾದಪ್ಪ ಕೊಪ್ಪರಿಗೆಯ ಮಾತು ಕೇಳುವಂತೆ ತಲೆ ಒಂದು ಕಡೆ ವಾಲಿಸಿ ಕೇಳಿದ.

"ಹುಟ್ಟಿಸಿದವರು ಯಾರೋ. ಬಿಟ್ಟವಳು ನೀನು."

"ಹೂಂ."

"ಇದು ನಿನಗ ಗೊತ್ತಾಗಿ ಎಷ್ಟ ದಿನಾ ಆತು?"

ಅವಳು ಎದುರು ನೋಡುತ್ತಿದ್ದ ಪ್ರಶ್ನೆ ಅದೇ.

"ಹತ್ತು ದಿನಾ. ಮೊದಲನೇ ಕರೇ ಪೆಂಟಿ ನೋಡಿದಾಗೇ ವಾಸನಿ ತಿಳೀತು."

ಗುರುಪಾದಪ್ಪ ತಾಟನ್ನು ನೆಲಕ್ಕಿಟ್ಟ. "ನಾ ಕಣ್ಣಿನ ದವಾಖಾನಿಗೆ ಹೋಗುಮುಂದ ನೀ ಬಾಗಲದಾಗ ನಿಂತಿದ್ದಿ. ಚಪ್ಪಲಿ ತಂದುಕೊಟ್ಟಿ." ಅವನ ದನಿ ಏರಲಿಲ್ಲ. "ಹುಟ್ಟು ಮತ್ತೊಬ್ಬನ ಕೈಯಾಗ ಕೊಟ್ಟು ಬಂದಾಗ ನೀರ ತಂದುಕೊಟ್ಟಿ. ಮಾತ ಒಂದ ಕೊಡಲಿಲ್ಲ ನೋಡು ನೀ."

ಅವನು ರುಮಾಲು ಕೊಡವಿ ತಲೆಗೆ ಸುತ್ತಿಕೊಂಡ.

"ನಡೀ. ನನಗ ಹೇಳಿದ್ದನ್ನ ಗಾಣದಾಗ ಹೇಳು."

ಪರಗೌಡರ ಗಾಣದಲ್ಲಿ ಆ ಹೊತ್ತಿಗೆ ಹದಿನೈದು ಜನರಿದ್ದರು. ಕಬ್ಬು ತಂದವರು, ಸಿಪ್ಪೆ ಹರಡುವವರು, ಸುಮ್ಮನೆ ಕೂತವರು. ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೇಳಿದಳು. ಮಾವನಿಗೆ ಹೇಳಿದಷ್ಟು ಚೆನ್ನಾಗಿ ಹೇಳಲಾಗಲಿಲ್ಲ. ನಡುವೆ ಯಾರೋ "ಅಂದ್ರ ನಮ್ಮ ಹೊಲದಾಗೂ ಐತೇನದು?" ಎಂದು ಕೂಗಿದರು. ಐತಿ ಎಂದಳು. "ತಗೀಲಿಕ್ಕೆ ಬರ್ತೈತೇನು?" ಗೊತ್ತಿಲ್ಲ ಎಂದಳು. ಪರಗೌಡರು ಗುರುಪಾದಪ್ಪನ ಕಡೆ ತಿರುಗಿ ಏನೋ ಹೇಳಲು ಹೋದರು. ಅವನು ಆಗಲೇ ಒಲೆಯ ಆ ಬದಿಗೆ ಹೋಗಿ, ಒರಗಿಸಿಟ್ಟಿದ್ದ ಹುಟ್ಟನ್ನು ನೀರಿನಲ್ಲಿ ತೊಳೆಯುತ್ತಿದ್ದ.

ಆಮೇಲಿನದು ಬೇಗ ಬೇಗ ನಡೆಯಿತು. ಎರಡು ದಿನಕ್ಕೆ ಸರಕಾರಿ ಜೀಪುಗಳು ಬಂದವು. ಕಾರ್ಖಾನೆಯ ತೊಟ್ಟಿಗಳೊಳಗೆ ಉಗಿ ಬಿಟ್ಟು ಎಲ್ಲವನ್ನೂ ಬೇಯಿಸಿದರು. ಮೂರು ದಿನ ಊರಿನ ಮೇಲೆ ಬೆಂದ ಕಾಕಂಬಿಯ ವಾಸನೆ ತೂಗಿತು. ಗೇಟಿಗೆ ಮೊಹರು ಬಿತ್ತು. ತೇರದಾಳ ಸಾಹೇಬರು ಅವಳ ಎದುರಿಗೆ ಬಂದಾಗ ಬೈಯಲಿಲ್ಲ. "ಹತ್ತು ದಿನ ಇತ್ತಲ್ರಿ" ಎಂದಷ್ಟೇ ಅಂದರು. ಮಹಾದೇವ ಟ್ಯಾಂಕರಿನ ಕೀಲಿ ಒಪ್ಪಿಸಿ ಬಂದು ವಾರದ ತನಕ ಹೆಂಡತಿಯ ಜೊತೆ ಮಾತು ಬಿಟ್ಟ. ನೀರು ತುಂಬುವ ನಳದ ಹತ್ತಿರ ಕೆಲವರು ಅವಳು ಬಂದರೆ ಕೊಡ ಎತ್ತಿಕೊಂಡು ಹೋಗುತ್ತಿದ್ದರು. ಅವರಲ್ಲಿ ಎರಡು ಬಗೆ: ಕಾರ್ಖಾನೆ ಮುಚ್ಚಿಸಿದಳೆಂದು ಸಿಟ್ಟಾದವರು, ಇಷ್ಟು ದಿನ ಹೇಳಲಿಲ್ಲವೆಂದು ಸಿಟ್ಟಾದವರು. ಗುರುಪಾದಪ್ಪ ಮನೆಯಲ್ಲಿ ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ. ತಾನಾಗಿ ಮಾತು ತೆಗೆಯುತ್ತಿರಲಿಲ್ಲ.

ಆ ಬ್ಯಾಕ್ಟೀರಿಯವನ್ನು ನೆಲದಿಂದ ತೆಗೆಯಲು ಬರಲಿಲ್ಲ. ಗಾಣದವರೇ ಅದಕ್ಕೆ ಹೊಂದಿಕೊಂಡರು. ಕಡಿದ ಕಬ್ಬನ್ನು ಅಂದೇ ಅರೆಯುವುದು, ಗಾಲಿಗಳಿಗೆ ಕುದಿನೀರು, ರಸ ಬಿದ್ದ ಅರ್ಧ ಗಂಟೆಯೊಳಗೆ ಒಲೆ. ರಾತ್ರಿ ರಸ ನಿಲ್ಲಿಸುವ ರೂಢಿ ಹೋಯಿತು. ಗಾಣದ ಕೂಲಿಯವರ ನಿದ್ದೆಯ ಹೊತ್ತು ಬದಲಾಯಿತು. ಈ ಕ್ರಮವನ್ನು ಕಂಡುಹಿಡಿದು ಸುತ್ತಲಿನ ಗಾಣಗಳಿಗೆ ಕಲಿಸಿದವನು ಗುರುಪಾದಪ್ಪ. ಬಣ್ಣ ಮೊದಲಿನಷ್ಟು ತಿಳಿಯಾಗಿ ಬರಲಿಲ್ಲ. ಆದರೆ ಡಾಂಬರು ಎಂದು ಯಾರೂ ಅನ್ನುವಂತಿರಲಿಲ್ಲ.

ಆದರೆ ಅದು ಎಲ್ಲಿಯ ತನಕ ಹೋಗಿದೆ ಎನ್ನುವುದು ತಿಳಿಯಬೇಕಿತ್ತು. ಕೃಷಿ ವಿಶ್ವವಿದ್ಯಾಲಯದವರು ಹೊಸ ಹಂಗಾಮಿನಲ್ಲಿ ಗಾಣದಿಂದ ಗಾಣಕ್ಕೆ ಹೋಗಿ ರಸದ ಮಾದರಿ ತರುವ ಜನರನ್ನು ಹುಡುಕುತ್ತಿದ್ದರು. ದ್ರಾಕ್ಷಾಯಣಿಯ ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಆದರೆ ಆ ಚುಕ್ಕೆಗಳನ್ನು ಬರಿಗಣ್ಣಿನಲ್ಲಿ ಗುರುತಿಸಬಲ್ಲವರು ಬೇರೆ ಇರಲಿಲ್ಲ. ಅವಳು ಒಪ್ಪಿಕೊಂಡಳು. ಬೆಳಿಗ್ಗೆ ಬಸ್ಸು ಹತ್ತಿ ಹೋಗುವಳು, ಸಂಜೆ ಬರುವಳು. ನಕಾಶೆಯ ಮೇಲೆ ಕೆಂಪು ಗುರುತುಗಳು ಕಾಲುವೆ ಹಿಡಿದು ಮೊದಲು ಹತ್ತು ಕಿಲೋಮೀಟರು ಹೋದವು, ಆಮೇಲೆ ಇಪ್ಪತ್ತು. ಪ್ರತಿ ಸಲ ಇಲ್ಲಿಗೆ ಮುಗಿಯಿತು ಎಂದುಕೊಂಡು ಹೋದಾಗ ಅದು ಮುಗಿದಿರುತ್ತಿರಲಿಲ್ಲ.

ಮಾಘ ಮಾಸದ ಒಂದು ದಿನ ಅವಳು ಕೃಷ್ಣಾ ನದಿ ದಾಟಿ, ಬಿಸನಟ್ಟಿಯ ಹೆಸರೇ ಕೇಳಿರದ ಒಂದು ಹಳ್ಳಿಯಲ್ಲಿ ಇಳಿದಳು. ಇಲ್ಲಿಗೆ ಆ ಕಾಲುವೆಯ ನೀರು ಬರುವುದೇ ಇಲ್ಲ. ಇದೊಂದು ನೋಡಿದರೆ ಗಡಿ ಸಿಕ್ಕಂತಾಗುತ್ತದೆ ಎಂದಿದ್ದರು ವಿಶ್ವವಿದ್ಯಾಲಯದವರು. ಹೊಲದ ನಡುವೆ ಸಣ್ಣ ಗಾಣ. ಚಪ್ಪರದಡಿ ಸುಮಾರು ಐವತ್ತು ವಯಸ್ಸಿನ ಒಬ್ಬ ಮನುಷ್ಯ ತಣ್ಣಗಾದ ಒಲೆಯ ಮುಂದೆ ಕೂತು ಬೀಡಿ ಸೇದುತ್ತಿದ್ದ. ಹಂಗಾಮಿನ ನಡುವೆ ಒಲೆ ತಣ್ಣಗಿರುವುದನ್ನು ಅವಳು ನೋಡಿದಳು.

"ಯಾರವ್ವ? ಬೆಲ್ಲಕ್ಕ ಬಂದಿದ್ರ ಇಲ್ಲ. ಗಾಣ ನಿಲ್ಲಿಸೇನಿ."

"ಯಾಕ್ರಿ?"

"ಹಂಗ. ಸಾಕಾತು." ಅವನು ಬೀಡಿಯ ಬೂದಿ ಕೊಡವಿದ. "ಮಗಳ ಮನಿಗೆ ಹೋಗಿ ಇದ್ದುಬಿಡ್ತೇನಿ."

ಅವನ ಹಿಂದೆ, ಗೋಡೆಯ ಮಗ್ಗುಲಲ್ಲಿ, ಗೋಣಿಚೀಲ ಮುಚ್ಚಿದ ಒಂದು ರಾಶಿ ಇತ್ತು. ಯಾರ ಕಣ್ಣಿಗೂ ಬೀಳಬಾರದೆಂದು ನಾಲ್ಕೂ ಮೂಲೆಗೆ ಕಲ್ಲಿಟ್ಟಿದ್ದರು. ಒಂದು ಮೂಲೆ ಗಾಳಿಗೆ ಸರಿದಿತ್ತು. ಅವಳಿಗೆ ತಟ್ಟೆ ಬೇಕಾಗಿರಲಿಲ್ಲ, ಒಂದು ದಿನ ಕಾಯುವುದೂ ಬೇಕಾಗಿರಲಿಲ್ಲ. ಹೊತ್ತಿದ ರೊಟ್ಟಿಯ ವಾಸನೆ ಅಲ್ಲಿಯ ತನಕ ಬರುತ್ತಿತ್ತು.

ಬಾಟಲಿ ಹಿಡಿದ ಕೈ ಚೀಲದೊಳಗೇ ಉಳಿಯಿತು. ಈ ಮನುಷ್ಯನಿಗೆ ಒಂದು ಮಾತನ್ನೂ ಹೇಳದೆ, ರಸ ಕೇಳಿ ತೆಗೆದುಕೊಂಡು, ನಕಾಶೆಯ ಮೇಲೆ ಒಂದು ಗುರುತು ಹಾಕಿಸಿ ಮುಂದಿನ ಊರಿಗೆ ಹೋಗಬಹುದಿತ್ತು. ಮಾದರಿ ತರುವವರು ಮಾಡಬೇಕಾದದ್ದು ಅಷ್ಟೇ. ಅವಳು ಅವನ ಎದುರಿಗೆ, ನೆಲದ ಮೇಲೆ ಕೂತಳು.

"ಬೆಲ್ಲ ಕರೇ ಆಗಾಕತ್ತೈತಿ, ಹೌದಲ್ರಿ?"

ಅವನು ಬೀಡಿಯನ್ನು ನೆಲಕ್ಕೆ ಒತ್ತಿ ಆರಿಸಿದ.

"ಅದು ರಸದಾಗಿನ ಒಂದು ಜೀವದ ಕೆಲಸ. ಅದನ್ನ ಹೊರಗ ಬಿಟ್ಟಾಕಿ ನಾನ ರೀ."

ಎಲ್ಲವನ್ನೂ ಹೇಳಿದಳು. ಈ ಸಲ ನಿಲ್ಲದೆ ಹೇಳಲು ಬಂತು. ಅವನು ಅವಳನ್ನು ಬೈಯುವನೆಂದು, ಎದ್ದು ಬರುವನೆಂದು ಕಾದಳು. ಅವನು ತನ್ನ ಬಲಗೈಯನ್ನು ಬಿಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿಕೊಳ್ಳುತ್ತಿದ್ದ.

"ಹಂಗಾದ್ರ," ಎಂದ ಕೊನೆಗೆ, "ನನ್ನ ಕೈ ಕೆಟ್ಟಿಲ್ಲೇನು?"

"ಇಲ್ರಿ. ನಿಮ್ಮ ಕೈ ಕೆಟ್ಟಿಲ್ಲ."

ಅವನು ಎದ್ದು ಚಪ್ಪರದ ಹೊರಗೆ ಹೋಗಿ, ಮನೆಯ ಕಡೆ ಮುಖ ಮಾಡಿ ಹೆಂಡತಿಯ ಹೆಸರು ಹಿಡಿದು ಕೂಗತೊಡಗಿದ. ಅವನ ಬೆನ್ನಿನಾಚೆ ಕಬ್ಬು ಒಂದೇ ಸಮ ಹಸಿರಾಗಿ, ಕಣ್ಣು ಹೋಗುವಷ್ಟು ದೂರ ಹಬ್ಬಿತ್ತು.